ಸಿನಿಮಾ ಪಾತ್ರದ ವಾಚು: ಮರ್ಫ್ ತಗೊಳ್ಳಲಾ, ಹಳೇ ವಿಲ್ಲಾರ್ಡ್ ತಗೊಳ್ಳಲಾ?

ಸೋಮವಾರಪೇಟೆ_ತೋಟ
ನಮಸ್ಕಾರ. ಈ ಸಲ ಕಾಫಿ ಮಾರಿದ ದುಡ್ಡಲ್ಲಿ ಒಂದು ಒಳ್ಳೆ ವಾಚು ತಗೊಳ್ಳಬೇಕು ಅಂತಿದ್ದೇನೆ. ನನಗೆ ಬ್ರ್ಯಾಂಡ್‌ಗಿಂತ ಅದನ್ನು ಕಟ್ಟಿದ ಪಾತ್ರ ಮುಖ್ಯ. ಮನಸ್ಸಲ್ಲಿ ಎರಡಿವೆ. ಒಂದು, ‘ಇಂಟರ್‌ಸ್ಟೆಲ್ಲರ್’ನಲ್ಲಿ ಅಪ್ಪ ಮಗಳು ಮರ್ಫ್‌ಗೆ ಕೊಟ್ಟು ಹೋಗುವ ಹ್ಯಾಮಿಲ್ಟನ್; ಆ ವಾಚಿಗೂ ಮರ್ಫ್ ಅಂತಲೇ ಹೆಸರು. ಸೆಕೆಂಡಿನ ಮುಳ್ಳು ನಿಂತು ನಿಂತು, ಚುಕ್ಕೆ-ಗೆರೆಯ ಸಂಕೇತವಾದ ಮೋರ್ಸ್‌ನಲ್ಲಿ ಮಾತಾಡುವ ಆ ದೃಶ್ಯಕ್ಕೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ನನ್ನ ಮಗಳೂ ಓದಲು ದೂರ ಹೋಗಿದ್ದಾಳೆ. ಇನ್ನೊಂದು, ವಿಯೆಟ್ನಾಂ ಯುದ್ಧದ ಸಿನಿಮಾ ‘ಅಪಾಕಲಿಪ್ಸ್ ನೌ’ನಲ್ಲಿ ಕ್ಯಾಪ್ಟನ್ ವಿಲ್ಲಾರ್ಡ್ ಕಟ್ಟಿದ ಸೀಕೋ 6105, ಸೆಕೆಂಡ್ ಹ್ಯಾಂಡ್. ನಮ್ಮಲ್ಲಿ ಜೂನ್ ಬಂತೆಂದರೆ ಬೀರು ಒಳಗಿನ ಬೆಲ್ಟಿಗೂ ಬೂಷ್ಟು. ಯಾವುದು ತಾಳುತ್ತದೆ?

ಮಡಿಕೇರಿ_ಮಂಜು
ಮರ್ಫ್ ತಗೊಳ್ಳಿ, ಯೋಚನೆಯೇ ಬೇಡ. 2014ರಲ್ಲಿ ಸಿನಿಮಾ ಬಂದಾಗ ಈ ವಾಚು ಅಂಗಡಿಯಲ್ಲಿ ಇರಲೇ ಇಲ್ಲ, ಸಿನಿಮಾಕ್ಕೆಂದೇ ಮಾಡಿದ್ದು. ಮಾರಾಟಕ್ಕೆ ಬಂದದ್ದು 2019ರಲ್ಲಿ, 42 ಮಿಲಿಮೀಟರ್ ಅಳತೆಯಲ್ಲಿ. ಅದರ ಸೆಕೆಂಡಿನ ಮುಳ್ಳಿನ ಮೇಲೆ ‘ಯುರೇಕಾ’ ಅಂತ ಮೋರ್ಸ್‌ನಲ್ಲೇ ಬರೆದಿದ್ದಾರೆ. 2022ರಲ್ಲಿ ಬಂದ 38ರಲ್ಲಿ ಆ ಬರಹ ಇಲ್ಲ. ಕೈ ಸಣ್ಣದಿದ್ದರೂ ನಾನಾದರೆ 42ನ್ನೇ ಆರಿಸುತ್ತೇನೆ. ಆ ದೃಶ್ಯಕ್ಕೋಸ್ಕರ ತಾನೇ ತಗೊಳ್ಳೋದು? ಮರ್ಫ್‌ನ ಈ ಎರಡು ಅಳತೆಯವೂ 100 ಮೀಟರ್ ನೀರು ತಡೆಯುವಂಥವು. ಚರ್ಮದ ಸ್ಟ್ರ್ಯಾಪ್ ಮಾತ್ರ ಮಳೆಗಾಲಕ್ಕೆ ಬಿಚ್ಚಿಟ್ಟು ನೈಲಾನ್ ಹಾಕಿ.

ಗೋಣಿಕೊಪ್ಪ_ಗಡಿಯಾರ
ವಿಲ್ಲಾರ್ಡ್ ಬಗ್ಗೆ ನನಗೆ ಬಹಳ ಪ್ರೀತಿ, ಅದಕ್ಕೇ ಹೇಳುತ್ತೇನೆ. 6105 ಐಷಾರಾಮಿ ವಾಚಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಸ್ವಂತ ದುಡ್ಡಲ್ಲಿ ಕೊಂಡು ಕಟ್ಟುತ್ತಿದ್ದದ್ದು. ಆ ಪಾತ್ರದ ಕೈಗೆ ಅದು ಅಷ್ಟು ಒಪ್ಪುವುದು ಅದಕ್ಕೇ. ಮನೆಯಲ್ಲಿ ಮಿಲಿಟರಿಯವರು ಇರುವ ನಮ್ಮ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆದರೆ ಈಗ ಸಿಗುವುದೆಲ್ಲ 50 ವರ್ಷದ ಹಿಂದಿನವು. ಹೊಸದಿದ್ದಾಗ 150 ಮೀಟರ್ ತಡೆಯುತ್ತಿತ್ತು. ಒಳಗಿನ ರಬ್ಬರ್ ಒಣಗಿದ ಮೇಲೆ ನಮ್ಮ ಮಳೆಗೆ ಅದನ್ನು ನಂಬಬೇಡಿ. ಡಯಲ್, ಮುಳ್ಳು, ಬೆಜೆಲ್ (ಗಾಜಿನ ಸುತ್ತಿನ ಬಳೆ) ಬದಲಾಯಿಸಿದವೇ ಜಾಸ್ತಿ. ಹಿಂದಿನ ಮುಚ್ಚಳ ತೆಗೆದ ಫೋಟೋ ಕೊಡದವರ ಹತ್ತಿರ ಮಾತೇ ಬೇಡ. ಆ ಆಕಾರವೇ ಬೇಕಂದರೆ ಸೀಕೋದವರೇ 2020ರಲ್ಲಿ ತಂದ ಎಸ್‌ಪಿಬಿ151 ನೋಡಿ. ಅದು 200 ಮೀಟರ್ ತಡೆಯುತ್ತದೆ, ತೋಟಕ್ಕೂ ಕಟ್ಟಿಕೊಂಡು ಹೋಗಬಹುದು.

ವಿರಾಜಪೇಟೆ_007
ಜೇಮ್ಸ್ ಬಾಂಡ್ ಕಟ್ಟುವ ಒಮೆಗಾ ಯಾರೂ ಹೇಳಲಿಲ್ಲವಲ್ಲ! 1995ರಿಂದ ಬಾಂಡ್ ಕೈಯಲ್ಲಿ ಒಮೆಗಾದ ಸೀಮಾಸ್ಟರ್ ಇದೆ. 2021ರ ಸಿನಿಮಾದ್ದು ಟೈಟಾನಿಯಂ, ಹಗುರ, ತುಕ್ಕಿನ ಚಿಂತೆ ಇಲ್ಲ. ದುಡ್ಡು ಮಾತ್ರ ಬೇರೆ ಲೆಕ್ಕ.

ಸೋಮವಾರಪೇಟೆ_ತೋಟ
ಎಲ್ಲರಿಗೂ ಧನ್ಯವಾದ. 42ರ ಮರ್ಫ್ ಅಂತ ತೀರ್ಮಾನ ಮಾಡಿದೆ. ಮಗಳು ಊರಿಗೆ ಬಂದಾಗ ಅವಳ ಕೈಗೇ ಕಟ್ಟುತ್ತೇನೆ. ಅಲ್ಲಿಯವರೆಗೆ ಇಡುವುದು ಹೇಗೆ?

ಗೋಣಿಕೊಪ್ಪ_ಗಡಿಯಾರ
ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣ ಆಗಾಗ ಬದಲಾಯಿಸಿ. ಗಾಜಿನ ಒಳಗೆ ಮಂಜು ಕಂಡರೆ ಬಿಸಿಲಿಗಿಡುವ ಉಪಾಯ ಬೇಡ, ಅದೇ ದಿನ ರಿಪೇರಿಯವರಿಂದ ತೆಗೆಸಿ ಒಣಗಿಸಿ.