ಸಹಾಯ ಬೇಕು: 45 ಆರ್‌ಪಿಎಂ ರೆಕಾರ್ಡ್‌ಗೆ ಅಡಾಪ್ಟರ್, ಟರ್ನ್‌ಟೇಬಲ್‌ಗೆ ಬೆಲ್ಟ್

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಅಕ್ಕ ಕುಣಿಸುವ ಲಯದ ಫಂಕ್ ಸಂಗೀತಕ್ಕೆ ಹೆಸರಾದ ಗಾಯಕ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡಿನ, ನಿಮಿಷಕ್ಕೆ 45 ಸುತ್ತು (45 ಆರ್‌ಪಿಎಂ) ತಿರುಗುವ ಏಳು ಇಂಚಿನ ಹಳೆಯ ರೆಕಾರ್ಡ್ ತಂದುಕೊಟ್ಟಿದ್ದಾಳೆ. 1969ರಲ್ಲಿ ಸಿನ್ಸಿನಾಟಿಯಲ್ಲಿ ಧ್ವನಿಮುದ್ರಣವಾಗಿ, 1970ರಲ್ಲಿ ಕಿಂಗ್ ಎಂಬ ರೆಕಾರ್ಡ್ ಕಂಪನಿಯಿಂದ ಹೊರಬಂದದ್ದು. ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಕೇಳಲು ಆಗುತ್ತಿಲ್ಲ.

ಅಮೆರಿಕದ ಇಂಥ ರೆಕಾರ್ಡ್‌ಗಳ ನಡುವಿನ ರಂಧ್ರ ಸುಮಾರು 38 ಮಿ.ಮೀ. ಅಗಲ. ನನ್ನ ಟರ್ನ್‌ಟೇಬಲ್‌ನ (ರೆಕಾರ್ಡ್ ನುಡಿಸುವ ಯಂತ್ರದ) ನಡುವಿನ ಕಡ್ಡಿ 7 ಮಿ.ಮೀ. ಮಾತ್ರ. ನಡುವೆ ಕೂರಿಸುವ ಬಿಲ್ಲೆಯಂಥ ಅಡಾಪ್ಟರ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಲೇತ್‌ನಲ್ಲಿ ಅಲ್ಯೂಮಿನಿಯಂನಿಂದ ಮಾಡಿಸಿಕೊಂಡವರಿದ್ದರೆ ದಯವಿಟ್ಟು ತಿಳಿಸಿ. ಅಡಾಪ್ಟರ್‌ನ ರಂಧ್ರ ನಟ್ಟನಡುವಿನಿಂದ ಒಂದಿಷ್ಟು ಸರಿದರೂ ಸ್ವರ ತೂಗಾಡುತ್ತದೆ. ಜೊತೆಗೆ ತಟ್ಟೆಯನ್ನು ತಿರುಗಿಸುವ ಬೆಲ್ಟ್ ಸಡಿಲಗೊಂಡು ವೇಗ ಕುಗ್ಗಿದೆ, ಅದನ್ನೂ ಬದಲಿಸಬೇಕು.

ಇಷ್ಟು ಪರದಾಟ ಯಾಕೆಂದರೆ, ಈ ಹಾಡಿನಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಡ್ರಮ್ ನುಡಿಸುವ ಕೆಲವು ಕ್ಷಣಗಳಿವೆ. ಜೋರು ಪೆಟ್ಟುಗಳ ನಡುವೆ ಸ್ನೇರ್ ಎಂಬ ಡ್ರಮ್ ಮೇಲೆ ಕಡ್ಡಿ ಸವರಿದಂತೆ ಕೇಳುವ ಸಣ್ಣ ಪೆಟ್ಟುಗಳನ್ನು ಗಮನಿಸಿ, ಲಯದ ಜೀವ ಅಲ್ಲೇ ಇದೆ. ಪಬ್ಲಿಕ್ ಎನಿಮಿಯಿಂದ ಹಿಡಿದು ಎಷ್ಟೋ ಹಿಪ್‌ಹಾಪ್ ತಂಡಗಳು ಆ ತುಣುಕಿನ ಮೇಲೆಯೇ ಹಾಡು ಕಟ್ಟಿದವು. ಗೀತೆಯ ಹಕ್ಕಿನಲ್ಲಿ ಮಾತ್ರ ಸ್ಟಬಲ್‌ಫೀಲ್ಡ್ ಅವರಿಗೆ ಪಾಲಿರಲಿಲ್ಲ. ಇದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ.

ಹಳೆಯ ಟರ್ನ್‌ಟೇಬಲ್ ರಿಪೇರಿ ಮಾಡುವ ನಂಬಿಕಸ್ತರು ಗೊತ್ತಿದ್ದರೆ ಅದನ್ನೂ ಹೇಳಿ. ಮೈಸೂರಾದರೂ ಸರಿ, ಹೊತ್ತುಕೊಂಡು ಬರುತ್ತೇನೆ. ಸೋಲ್, ಫಂಕ್ ಸಂಗೀತದ ರೆಕಾರ್ಡ್ ಸಂಗ್ರಹಿಸುವವರು ಇಲ್ಲಿದ್ದರೆ ಖಂಡಿತ ಮಾತನಾಡಿಸಿ.