1939ರ ಇಂಗ್ಲಿಷ್ ಕ್ರಿಕೆಟ್ ಋತು: ಹೋವ್ ಪಂದ್ಯವನ್ನು ನಿಲ್ಲಿಸಲಿಲ್ಲವೇಕೆ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಅಟ್ಟ ಗುಡಿಸುವಾಗ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ತೋಟಕ್ಕೆ ತಂದ ಮೈಲುತುತ್ತ, ಸುಣ್ಣದ ಲೆಕ್ಕದ ನಡುವೆ ‘ವೆರಿಟಿ, 9 ರನ್ನಿಗೆ 7’ ಎಂದೂ ಅದರ ಕೆಳಗೆ ‘ಯುದ್ಧ’ ಎಂದೂ ಬರೆದಿದೆ. ಜರ್ಮನಿ ಪೋಲೆಂಡಿನ ಮೇಲೆ ಎರಗಿದ ಸೆಪ್ಟೆಂಬರ್ 1ರಂದೇ ಇಂಗ್ಲೆಂಡಿನ ಹೋವ್ ಊರಿನಲ್ಲಿ ಸಸೆಕ್ಸ್ ಮತ್ತು ಯಾರ್ಕ್‌ಷೈರ್ ಕೌಂಟಿ (ಪ್ರಾಂತ್ಯ) ತಂಡಗಳು ಆಡುತ್ತಿದ್ದವಂತೆ. ಆಟವನ್ನು ಏಕೆ ನಿಲ್ಲಿಸಲಿಲ್ಲ? ಆ ವರ್ಷದ ಕೌಂಟಿ ಪ್ರಶಸ್ತಿಗೆ ಮಾನ್ಯತೆ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿವಮೊಗ್ಗದಿಂದ):
ಮಾನ್ಯತೆ ಇದೆ, ಯಾರ್ಕ್‌ಷೈರ್ ಸತತ ಮೂರನೆಯ ಬಾರಿ ಚಾಂಪಿಯನ್ ಆಯಿತು. ಆದರೆ ಋತು ಒಂದೇ ದಿನ ನಿಂತದ್ದಲ್ಲ. ಆಗಸ್ಟ್ 22ರಂದು ಓವಲ್ ಟೆಸ್ಟ್ ಮುಗಿದ ಮೇಲೆ ವೆಸ್ಟ್ ಇಂಡೀಸ್ ತಂಡ ಉಳಿದ ಪಂದ್ಯಗಳನ್ನು ಕೈಬಿಟ್ಟು ಹಡಗು ಹತ್ತಿತು. ತಮ್ಮ ತವರಾದ ಓವಲ್ ಮೈದಾನವೇ ಸೇನೆಯ ಪಾಲಾದ್ದರಿಂದ ಸರ್ರೆಯವರು ಲಂಕಾಷೈರ್ ವಿರುದ್ಧದ ಪಂದ್ಯವನ್ನು ಎದುರಾಳಿಯ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಆಡಬೇಕಾಯಿತು. ಹೋವ್‌ನ ಪಂದ್ಯ ಸಸೆಕ್ಸ್‌ನ ಜಿಮ್ ಪಾರ್ಕ್ಸ್ ಅವರ ಬೆನಿಫಿಟ್ ಪಂದ್ಯವಾಗಿತ್ತು. ಹಲವು ವರ್ಷ ಆಡಿದ ವೃತ್ತಿಪರ ಆಟಗಾರನಿಗೆ ಇಂಥ ಪಂದ್ಯದ ಗಳಿಕೆ ಬದುಕಿಗೆ ದೊಡ್ಡ ಆಸರೆ. ಅದನ್ನು ಅರ್ಧಕ್ಕೆ ಬಿಡಲು ಎರಡೂ ತಂಡದವರಿಗೆ ಮನಸ್ಸು ಬರಲಿಲ್ಲವೆಂದೇ ನನ್ನ ಅನಿಸಿಕೆ.

ಉತ್ತರ (ಸಾಗರದಿಂದ):
ಶಿವಮೊಗ್ಗದ ಮೇಷ್ಟ್ರು ಹೇಳಿದ್ದಕ್ಕೆ ಇನ್ನಷ್ಟು ಸೇರಿಸುತ್ತೇನೆ. ಆಗ ಅಂಕಣಕ್ಕೆ (ಪಿಚ್‌ಗೆ) ಹೊದಿಕೆ ಇರಲಿಲ್ಲ. ನೆನೆದ ನೆಲದ ಮೇಲೆ ಬಿಸಿಲು ಬಿದ್ದಾಗ ಚೆಂಡು ಹೇಗೆ ಪುಟಿಯುತ್ತದೆಂಬುದನ್ನು ಮಳೆ ಬಿಟ್ಟ ಮರುದಿನ ಗದ್ದೆಯಂಚಿನಲ್ಲಿ ಆಡಿದ ನಮ್ಮವರಿಗೆ ವಿವರಿಸಬೇಕಿಲ್ಲ. ಮೊದಲ ಇನಿಂಗ್ಸ್‌ನಲ್ಲಿ 387 ರನ್ ಗಳಿಸಿದ್ದ ಸಸೆಕ್ಸ್ ಎರಡನೆಯದರಲ್ಲಿ 33ಕ್ಕೆ ಉದುರಿತು. ಆ ವರ್ಷ ಇಂಗ್ಲೆಂಡಿನಲ್ಲಿ ಓವರಿಗೆ ಎಂಟು ಎಸೆತ. ಯಾರ್ಕ್‌ಷೈರ್‌ನ ಎಡಗೈ ಸ್ಪಿನ್ನರ್ ಹೆಡ್ಲಿ ವೆರಿಟಿ ಎಸೆದದ್ದು ಆರೇ ಓವರ್; ಅದರಲ್ಲೇ 9 ರನ್ ಕೊಟ್ಟು 7 ವಿಕೆಟ್ ಪಡೆದರು. ಯಾರ್ಕ್‌ಷೈರ್ ಒಂಬತ್ತು ವಿಕೆಟ್‌ಗಳಿಂದ ಗೆದ್ದು ಬಸ್ಸಿನಲ್ಲಿ ಊರಿಗೆ ಹೊರಟಿತು. ಎರಡು ದಿನಗಳ ನಂತರ ಬ್ರಿಟನ್ ಯುದ್ಧ ಘೋಷಿಸಿತು. ವೆರಿಟಿ ಸೇನೆ ಸೇರಿ, ಸಿಸಿಲಿಯಲ್ಲಿ ಗಾಯಗೊಂಡು, 1943ರ ಜುಲೈ 31ರಂದು ಇಟಲಿಯ ಕಸೆರ್ತಾದಲ್ಲಿ ಸೆರೆಯಾಳಾಗಿಯೇ ತೀರಿಕೊಂಡರು. ಹೋವ್‌ನ ಆ ಇನಿಂಗ್ಸ್ ಅವರ ಕೊನೆಯ ಪ್ರಥಮ ದರ್ಜೆ ಬೌಲಿಂಗ್ ಆಯಿತು.

ಉತ್ತರ (ಶಿವಮೊಗ್ಗದಿಂದ, ಮತ್ತೊಮ್ಮೆ):
ನಮ್ಮವರಿಗೂ ಇದರಲ್ಲಿ ನಷ್ಟವಿತ್ತು. ಆ ಚಳಿಗಾಲ ಎಂಸಿಸಿ (ಇಂಗ್ಲೆಂಡಿನ ಮೆರಿಲಬೋನ್ ಕ್ರಿಕೆಟ್ ಕ್ಲಬ್) ತಂಡ ಭಾರತಕ್ಕೆ ಬರಬೇಕಿತ್ತು. ನಾಯಕತ್ವ ವಹಿಸಬೇಕಿದ್ದವರು ಸಸೆಕ್ಸ್ ನಾಯಕ ಹೋಮ್ಸ್ ಅವರೇ. ಪ್ರವಾಸ ರದ್ದಾಯಿತು. ನಿಮ್ಮ ಅಜ್ಜ ಅದಕ್ಕಾಗಿ ಕಾದಿದ್ದರೇನೋ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹೋಮ್ಸ್ ಹೆಸರು ಹುಡುಕಿ ಮತ್ತೆ ಪುಟ ತಿರುವಿದೆ. ‘ಯುದ್ಧ’ದ ಪಕ್ಕದ ಪುಟದಲ್ಲಿರುವುದು ಅಡಿಕೆ ಕೊನೆ ಕೊಯ್ಯುವ ಕೊನೆಗಾರರ ಕೂಲಿ ಮಾತ್ರ.