ಜವಳಿ ಅಂಗಡಿಯಲ್ಲಿ ಇನ್ಸೆಂಟಿವ್: ಒಬ್ಬೊಬ್ಬರಿಗೋ, ಇಡೀ ಕೌಂಟರಿಗೋ?

ಜವಳಿ ವ್ಯಾಪಾರಿ, ದಾವಣಗೆರೆ:
ನಮ್ಮದು ಮೂರು ಮಹಡಿಯ ಜವಳಿ ಅಂಗಡಿ. ಇಪ್ಪತ್ನಾಲ್ಕು ಜನ ಕೆಲಸಕ್ಕಿದ್ದಾರೆ. ಎಲ್ಲರಿಗೂ ನಿಗದಿತ ಸಂಬಳ, ದೀಪಾವಳಿಗೆ ಬೋನಸ್ಸು ಮತ್ತು ಒಂದು ಜೊತೆ ಬಟ್ಟೆ ಕೊಡುವ ಪದ್ಧತಿ ನಮ್ಮ ತಂದೆಯ ಕಾಲದಿಂದ ನಡೆದುಬಂದಿದೆ. ಚುರುಕಾಗಿ ವ್ಯಾಪಾರ ಮಾಡುವವರಿಗೂ ಗಿರಾಕಿ ಬಂದರೆ ಮುಖ ತಿರುಗಿಸುವವರಿಗೂ ಒಂದೇ ಸಂಬಳವಾದ್ದರಿಂದ ಚುರುಕಾದವರು ದೊಡ್ಡ ಶೋರೂಮುಗಳಿಗೆ ಹೊರಟುಹೋಗುತ್ತಿದ್ದಾರೆ. ಬರುವ ಶ್ರಾವಣದಿಂದ ಪ್ರತಿಯೊಬ್ಬರಿಗೂ ತಿಂಗಳ ಟಾರ್ಗೆಟ್ ಗೊತ್ತುಮಾಡಿ, ಅದನ್ನು ಮೀರಿದ ಮಾರಾಟದ ಮೇಲೆ ಶೇ 1ರಷ್ಟು ಇನ್ಸೆಂಟಿವ್ ಕೊಡಬೇಕೆಂದಿದ್ದೇನೆ. ಬಿಲ್ಲಿನಲ್ಲಿ ಮಾರಿದವರ ಕೋಡ್ ನಮೂದಿಸುವ ವ್ಯವಸ್ಥೆ ಸಾಫ್ಟ್‌ವೇರಿನಲ್ಲಿ ಈಗಾಗಲೇ ಇದೆ. ಅನುಭವಸ್ಥರು ಅಭಿಪ್ರಾಯ ತಿಳಿಸಬೇಕು.

ಎಲೆಕ್ಟ್ರಾನಿಕ್ಸ್ ಮಳಿಗೆಯ ವ್ಯವಸ್ಥಾಪಕ, ಬೆಂಗಳೂರು:
ಧೈರ್ಯವಾಗಿ ಜಾರಿಗೆ ತನ್ನಿ. ಅಮೆರಿಕದಲ್ಲಿ ಕಾರಿನ ಗಾಜು ಅಳವಡಿಸುವ ಸೇಫ್‌ಲೈಟ್ ಎಂಬ ಕಂಪನಿ 1994-95ರಲ್ಲಿ ಗಂಟೆ ಲೆಕ್ಕದ ಕೂಲಿಯನ್ನು ಬಿಟ್ಟು, ಅಳವಡಿಸಿದ ಗಾಜಿನ ಲೆಕ್ಕದಲ್ಲಿ ಹಣ ಕೊಡಲಾರಂಭಿಸಿದಾಗ ತಲಾ ಉತ್ಪಾದನೆ ಶೇ 44ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ ಲೆಕ್ಕ ಹಾಕಿ ತೋರಿಸಿದ್ದಾರೆ. ಅದರಲ್ಲಿ ಸುಮಾರು ಅರ್ಧದಷ್ಟು ಇದ್ದ ಕೆಲಸಗಾರರೇ ಹೆಚ್ಚು ದುಡಿದದ್ದರಿಂದ ಬಂದದ್ದು. ಉಳಿದದ್ದಕ್ಕೆ ಮುಖ್ಯ ಕಾರಣ, ಸಮರ್ಥರು ಆ ಕಂಪನಿಯನ್ನು ಹುಡುಕಿಕೊಂಡು ಬಂದು ಅಲ್ಲಿಯೇ ಉಳಿದದ್ದು. ತಮ್ಮ ಸಮಸ್ಯೆಯೂ ಚುರುಕಾದವರು ಉಳಿಯುತ್ತಿಲ್ಲವೆಂಬುದೇ ಅಲ್ಲವೇ?

ಸೀರೆ ವಿಭಾಗದ ಮೇಲ್ವಿಚಾರಕಿ, ಹುಬ್ಬಳ್ಳಿ:
ಗಾಜು ಅಳವಡಿಸುವುದು ಒಬ್ಬನ ಕೈಕೆಲಸ. ಸೀರೆ ಮಾರುವುದು ಹಾಗಲ್ಲ. ಮದುವೆಯ ಜವಳಿ ತೆಗೆಯಲು ಒಂದು ಮನೆಯವರು ಬಂದರೆಂದು ಭಾವಿಸಿ. ಹುಡುಗಿಯ ಅತ್ತೆಗೆ ಇಳಕಲ್ ಸೀರೆ ತೋರಿಸುವವಳು ಒಬ್ಬಳು, ಧಾರೆ ಸೀರೆಗೆ ರೇಷ್ಮೆಯ ರಾಶಿಯನ್ನೇ ಬಿಚ್ಚುವವಳು ಇನ್ನೊಬ್ಬಳು, ಗೋದಾಮಿನಿಂದ ಗಂಟು ಹೊತ್ತು ತರುವ ಹುಡುಗನೊಬ್ಬ, ಅವರು ಹೋದ ಮೇಲೆ ಅಷ್ಟನ್ನೂ ಮಡಚಿ ಮತ್ತೆ ಕಪಾಟಿಗೆ ಸೇರಿಸುವವಳು ಮತ್ತೊಬ್ಬಳು. ಇಷ್ಟು ಜನರ ಅರ್ಧ ದಿನದ ದುಡಿಮೆ ಕೊನೆಗೆ ಬಿಲ್ಲಿನ ಮೇಲೆ ಯಾರೋ ಒಬ್ಬರ ಕೋಡ್ ಆಗಿ ಬೀಳುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ತಾವು ಹೇಳುವ ಪದ್ಧತಿಯೇ ಇತ್ತು. ಬಾಗಿಲ ಬಳಿ ಗಿರಾಕಿಯ ಚಪ್ಪಲಿ, ಕೈಚೀಲ ನೋಡಿ ಅಂದಾಜು ಕಟ್ಟುವುದನ್ನು ಎಲ್ಲರೂ ಕಲಿತೆವು. ರೇಷ್ಮೆಗೆ ಬಂದವರನ್ನು ಮೂವರು ಮುತ್ತಿಕೊಳ್ಳುತ್ತಿದ್ದರು. ರವಿಕೆ ಕಣಕ್ಕೆ ಬಂದ ಮುದುಕಿಗೆ ಸ್ಟೂಲು ಕೊಡುವವರಿರಲಿಲ್ಲ. ಆ ಮುದುಕಿಯ ಮೊಮ್ಮಗಳ ಮದುವೆ ಮರುವರ್ಷವೇ ಇರಬಹುದೆಂದು ಕೋಡಿಗೆ ಹೇಗೆ ತಿಳಿಯಬೇಕು? ಸೀರೆ ಮಡಚುವ ಕೆಲಸವಂತೂ ಯಾರದ್ದೂ ಅಲ್ಲವಾಯಿತು, ಏಕೆಂದರೆ ಮಡಚುತ್ತ ನಿಂತರೆ ಮುಂದಿನ ಗಿರಾಕಿ ಬೇರೆಯವಳ ಪಾಲಾಗುತ್ತಾಳೆ.

ಓದುಗ, ಶಿರಸಿ:
ಮೇಡಂ ಹೇಳಿದ್ದು ಗಿರಾಕಿಯನ್ನು ಕಡೆಗಣಿಸುವ ಮಾತಾಯಿತು. ಗಿರಾಕಿಗೆ ಬೇಡದ್ದನ್ನು ತಲೆಗೆ ಕಟ್ಟುವುದು ಅದಕ್ಕಿಂತ ಕೆಟ್ಟದ್ದು. ಅಮೆರಿಕದ ಸಿಯರ್ಸ್ ಕಂಪನಿಯ ಕಾರು ದುರಸ್ತಿ ಕೇಂದ್ರಗಳಲ್ಲಿ ಕಮಿಷನ್ನು ಮತ್ತು ಬಿಡಿಭಾಗಗಳ ಕೋಟಾ ಎರಡೂ ಇದ್ದವು. ಅಗತ್ಯವಿಲ್ಲದ ದುರಸ್ತಿಗೆ ಗ್ರಾಹಕರಿಂದ ಹಣ ಪಡೆಯಲಾಗುತ್ತಿದೆಯೆಂದು 1992ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕ ಇಲಾಖೆ ಆರೋಪ ಹೊರಿಸಿದಾಗ, ಇಂಥ ವಾತಾವರಣ ಹುಟ್ಟಲು ತಮ್ಮ ಪ್ರೋತ್ಸಾಹಧನದ ವ್ಯವಸ್ಥೆಯೇ ದಾರಿಮಾಡಿತೆಂದು ಅಧ್ಯಕ್ಷರೇ ಹೇಳಬೇಕಾಯಿತು. ಸಲಹೆ ಕೊಡುವ ಸಿಬ್ಬಂದಿಗೆ ಕೊಡುತ್ತಿದ್ದ ಕಮಿಷನ್ನನ್ನು ಕಂಪನಿ ನಿಲ್ಲಿಸಿತು.

ಎಲೆಕ್ಟ್ರಾನಿಕ್ಸ್ ಮಳಿಗೆಯ ವ್ಯವಸ್ಥಾಪಕ, ಬೆಂಗಳೂರು:
ಕಮಿಷನ್ ತೆಗೆದವರ ಕಥೆಯನ್ನೂ ಹೇಳಬೇಕಲ್ಲ. ಅಮೆರಿಕದ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಕಂಪನಿ ಸರ್ಕ್ಯೂಟ್ ಸಿಟಿ 2003ರಲ್ಲಿ ಕಮಿಷನ್ ಪದ್ಧತಿ ರದ್ದುಮಾಡಿ ಸುಮಾರು 3,900 ಮಾರಾಟಗಾರರನ್ನು ಮನೆಗೆ ಕಳಿಸಿತು. 2007ರಲ್ಲಿ ಹೆಚ್ಚು ಸಂಬಳದ ಇನ್ನೂ ಸುಮಾರು 3,400 ಜನರನ್ನು ತೆಗೆಯಿತು. 2008ರ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ಮುಳುಗಲು ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ಸರಕಿನ ಗುಣಾವಗುಣ ಬಲ್ಲವರನ್ನು ಕಳೆದುಕೊಂಡ ಅಂಗಡಿಗೆ ಗಿರಾಕಿ ಏಕೆ ಬರಬೇಕು?

ಓದುಗ, ಶಿರಸಿ:
ಅದರ ಪ್ರತಿಸ್ಪರ್ಧಿ ಬೆಸ್ಟ್ ಬೈ ಅದಕ್ಕೂ ಎಷ್ಟೋ ವರ್ಷ ಮೊದಲೇ ಕಮಿಷನ್ ಕೈಬಿಟ್ಟಿತ್ತು, ಸ್ವಾಮಿ. ಅದು ಇಂದಿಗೂ ನಡೆಯುತ್ತಿದೆ.

ಲೆಕ್ಕಪತ್ರ ಸಲಹೆಗಾರ, ಮೈಸೂರು:
ದಾವಣಗೆರೆಯವರು ಒಂದು ಸಂಗತಿ ಗಮನಿಸಬೇಕು. ಇಪ್ಪತ್ತಕ್ಕಿಂತ ಹೆಚ್ಚು ಜನರಿರುವುದರಿಂದ ತಮಗೆ ಭವಿಷ್ಯನಿಧಿಯೂ ಅನ್ವಯಿಸುತ್ತದೆ, ಶಾಸನಬದ್ಧ ಬೋನಸ್ಸೂ ಅನ್ವಯಿಸುತ್ತದೆ. 1965ರ ಬೋನಸ್ ಕಾಯ್ದೆ ವೇತನದ ಶೇ 8.33ರಿಂದ ಶೇ 20ರವರೆಗೆ ಎಂದು ವಿಧಿಸಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಅದೇ ಪ್ರಮಾಣವಿದೆ. ಇದು ಮಾಲೀಕರ ಔದಾರ್ಯವಲ್ಲ, ನೌಕರರ ಹಕ್ಕು. ಇನ್ಸೆಂಟಿವ್ ಕೊಟ್ಟೆವೆಂದು ಇದನ್ನು ಕಡಿಯುವಂತಿಲ್ಲ.

ಕಮಿಷನ್ನನ್ನು ವೇತನದ ಲೆಕ್ಕಕ್ಕೆ ಸೇರಿಸುವುದಿಲ್ಲವೆಂಬುದನ್ನು ಹಿಡಿದುಕೊಂಡು ಕೆಲವರು ಸಂಬಳ ಏರಿಸದೆ ಇನ್ಸೆಂಟಿವ್ ಮಾತ್ರ ಬೆಳೆಸುತ್ತಾರೆ; ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಶೇ 12ರ ಪಾಲು ಆಗ ಇದ್ದಲ್ಲಿಯೇ ಉಳಿಯುತ್ತದೆ. ಹೀಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದಷ್ಟನ್ನು ವೇತನವೆಂದೇ ಎಣಿಸಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಜವಳಿ ಅಂಗಡಿಯಲ್ಲಿ ಯಾರ ಇನ್ಸೆಂಟಿವ್ವೂ ಅಷ್ಟಕ್ಕೆ ಏರುವುದಿಲ್ಲವಾದ್ದರಿಂದ ಅದು ಇಲ್ಲಿ ಕಾಗದದ ಮೇಲಿನ ರಕ್ಷಣೆ. ತಾವು ಹಾಗೆ ಮಾಡುತ್ತೀರೆಂದು ಹೇಳುತ್ತಿಲ್ಲ. ಆದರೆ ತಮ್ಮ ಸಿಬ್ಬಂದಿ ಹಾಗೆ ಶಂಕಿಸುವುದು ಸಹಜ, ಆದ್ದರಿಂದ ಲೆಕ್ಕವನ್ನು ಬರೆದು ಗೋಡೆಗೆ ಹಚ್ಚಿ.

ಜವಳಿ ವ್ಯಾಪಾರಿ, ದಾವಣಗೆರೆ:
ಸಂಬಳ ಮುಟ್ಟುವ ಉದ್ದೇಶ ನನಗಿಲ್ಲ. ಮೇಲ್ವಿಚಾರಕಿಯವರ ಮಾತು ಮನಸ್ಸಿಗೆ ಹತ್ತಿತು, ಏಕೆಂದರೆ ನಮ್ಮಲ್ಲಿ ಮಡಚುವ ಹೆಂಗಸೊಬ್ಬರಿದ್ದಾರೆ, ಅವರ ಹೆಸರಿಗೆ ಕೋಡೇ ಇಲ್ಲ. ಹಾಗಾದರೆ ಹೀಗೆ ಮಾಡಬಹುದೇ: ಪ್ರತಿ ಮಹಡಿಗೂ ಒಂದು ಟಾರ್ಗೆಟ್, ಅದನ್ನು ಮೀರಿದರೆ ಬಂದ ಹಣವನ್ನು ಗೋದಾಮಿನ ಹುಡುಗ, ಮಡಚುವವರು ಎಲ್ಲರೂ ಸೇರಿ ಆ ಮಹಡಿಯವರು ಸಮನಾಗಿ ಹಂಚಿಕೊಳ್ಳುವುದು.

ಎಲೆಕ್ಟ್ರಾನಿಕ್ಸ್ ಮಳಿಗೆಯ ವ್ಯವಸ್ಥಾಪಕ, ಬೆಂಗಳೂರು:
ಸಮನಾಗಿ ಹಂಚಿದರೆ ಮುಖ ತಿರುಗಿಸುವವನಿಗೂ ಪಾಲು ಸಿಗುತ್ತದೆ. ತಾವು ಹೊರಟಲ್ಲಿಗೇ ಮರಳಿ ಬಂದಿರಿ.

ಸೀರೆ ವಿಭಾಗದ ಮೇಲ್ವಿಚಾರಕಿ, ಹುಬ್ಬಳ್ಳಿ:
ಇಪ್ಪತ್ನಾಲ್ಕು ಜನರ ನಡುವೆ ಸೋಮಾರಿ ಅಡಗಬಹುದು, ಎಂಟು ಜನರ ನಡುವೆ ಅಷ್ಟು ಸುಲಭವಲ್ಲ. ತಮ್ಮ ಪಾಲು ಕಡಿಮೆಯಾಗುತ್ತಿದೆಯೆಂದು ಜೊತೆಯವರೇ ಅವನನ್ನು ವಿಚಾರಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಅತಿಯಾಗಿಯೇ. ಅದರ ಮೇಲೊಂದು ಕಣ್ಣಿಡಿ. ನಿಜವಾಗಿಯೂ ಚುರುಕಾದವರನ್ನು ಕೌಂಟರಿನ ಮುಖ್ಯಸ್ಥರನ್ನಾಗಿ ಮಾಡಿ ಅವರ ನಿಗದಿತ ಸಂಬಳವನ್ನೇ ಏರಿಸಿ. ಆಗ ಭವಿಷ್ಯನಿಧಿಯೂ ಬೆಳೆಯುತ್ತದೆ. ವರಮಹಾಲಕ್ಷ್ಮಿ ಹಬ್ಬದ ಗಿರಾಕಿಗಳನ್ನು ನೋಡಿ ಕಟ್ಟಿದ ಟಾರ್ಗೆಟ್ಟನ್ನು ಆಷಾಢಕ್ಕೂ ಹೇರಿದರೆ, ಗಿರಾಕಿಯೇ ಇಲ್ಲದ ತಿಂಗಳಲ್ಲಿ ಅವರು ಸೋತವರೆನಿಸಿಕೊಳ್ಳುತ್ತಾರೆ. ಹೋದ ವರ್ಷದ ಅದೇ ತಿಂಗಳನ್ನು ಅಳತೆಗೆ ಇಟ್ಟುಕೊಳ್ಳಿ. ಹಣವನ್ನು ಮುಂದಿನ ತಿಂಗಳ ಸಂಬಳದ ಜೊತೆಗೇ ಕೊಡಿ, ದೀಪಾವಳಿಗೆಂದು ಕೂಡಿಡಬೇಡಿ.

ಇನ್ನೊಂದು ಮಾತು ವಿಷಯಕ್ಕೆ ಹೊರತೆನಿಸಬಹುದು. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ಹೆಂಗಸರ ಹೋರಾಟದ ಫಲವಾಗಿ ಕೇರಳ 2018ರಲ್ಲಿ, ಆಮೇಲೆ ತಮಿಳುನಾಡು 2021ರಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಬರೆದವು. ಗಿರಾಕಿ ಇಲ್ಲದಾಗ ಕೂರಲು ನಿಮ್ಮ ಮಹಡಿಗಳಲ್ಲಿ ಸ್ಟೂಲುಗಳಿವೆಯೇ? ಸಂಜೆ ಏಳಕ್ಕೆ ಮುಖ ತಿರುಗಿಸುವವಳ ಕಾಲು ನೋಯುತ್ತಿರಬಹುದು. ಬಿಟ್ಟುಹೋದವರು ಏಕೆ ಹೋದರೆಂದು ತಾವು ಅವರನ್ನೇ ಕೇಳಿದ್ದೀರಾ?

ಜವಳಿ ವ್ಯಾಪಾರಿ, ದಾವಣಗೆರೆ:
ನಿಮ್ಮ ಪ್ರಶ್ನೆ ಓದಿದ ಮೇಲೆ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬ ಸಂಬಳವೆಂದು ನೇರವಾಗಿ ಹೇಳಿದ. ಇನ್ನೊಬ್ಬಳು, ಅಲ್ಲಿ ವಾರದ ರಜೆ ಯಾವ ದಿನವೆಂದು ತಿಂಗಳ ಮೊದಲೇ ಪಟ್ಟಿಯಲ್ಲಿರುತ್ತದೆ, ನಿಮ್ಮಲ್ಲಿ ಹಿಂದಿನ ರಾತ್ರಿ ಹೇಳುತ್ತಿದ್ದಿರಿ ಎಂದಳು. ರಜೆಯ ಪಟ್ಟಿಯನ್ನು ಈ ತಿಂಗಳಿಂದಲೇ ಹಾಕಿಸುತ್ತೇನೆ. ಮಹಡಿವಾರು ಇನ್ಸೆಂಟಿವನ್ನು ಸೀರೆ ಮಹಡಿಯಲ್ಲಿ ಮಾತ್ರ ದೀಪಾವಳಿಯವರೆಗೆ ನಡೆಸಿ ನೋಡುವುದೆಂದುಕೊಂಡಿದ್ದೇನೆ. ಕೆಳಮಹಡಿಯ ಶರ್ಟು-ಪ್ಯಾಂಟಿನ ಕೌಂಟರಿನಲ್ಲಿ ಒಬ್ಬ ಗಿರಾಕಿಗೆ ಒಬ್ಬನೇ ನಿಲ್ಲುವುದರಿಂದ, ಅಲ್ಲಿಗೆ ಬೆಂಗಳೂರಿನವರ ಪದ್ಧತಿಯೇ ಹೊಂದೀತು.